ಸಿಸೇರಿಯನ್ ಆದ ಮಗುವಿಗೆ ಒಳ್ಳೆ ಬ್ಯಾಕ್ಟೀರಿಯಾ ತಪ್ಪಿಹೋಯಿತಾ?

ಪ್ರಶ್ನೆ: ಡಾಕ್ಟರ್, ನಮಸ್ತೆ. ನನ್ನ ಮಗನಿಗೆ ಈಗ ಐದು ವಾರ. ತಿಂಗಳು ತುಂಬಿಯೇ ಹುಟ್ಟಿದ, 2.9 ಕೆ.ಜಿ. ಇದ್ದ. 14 ಗಂಟೆ ನೋವು ತಿಂದೆ. ಕೊನೆಗೆ ಮಗುವಿನ ಎದೆಬಡಿತ ಇಳಿಯುತ್ತಿದೆ ಅಂತ ಅವಸರದಲ್ಲಿ ಸಿಸೇರಿಯನ್ ಮಾಡಿದರು. ಆಪರೇಷನ್‌ಗೆ ಮೊದಲು ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರು. ಹಾಲು ಇಳಿಯುವುದು ತಡವಾಯಿತು, ಹಾಗಾಗಿ ಮೊದಲ ಮೂರು ದಿನ ಪುಡಿ ಹಾಲನ್ನೂ ಕೊಟ್ಟೆವು. ಈಗ ಪೂರ್ತಿ ಎದೆಹಾಲು. ತೂಕ ಚೆನ್ನಾಗಿ ಏರುತ್ತಿದೆ. ಮೊನ್ನೆ ಒಂದು ವಿಡಿಯೊ ನೋಡಿದೆ. ಸಿಸೇರಿಯನ್ ಮಕ್ಕಳಿಗೆ ತಾಯಿಯ ಒಳ್ಳೆ ಬ್ಯಾಕ್ಟೀರಿಯಾ ಸಿಗುವುದೇ ಇಲ್ಲ, ಮುಂದೆ ಅಸ್ತಮಾ, ಅಲರ್ಜಿ, ಬೊಜ್ಜು ಎಲ್ಲ ಬರುತ್ತದೆ ಎಂದರು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಹುಟ್ಟಿದ ತಕ್ಷಣ ತಾಯಿಯ ಯೋನಿಯ ದ್ರವವನ್ನು ಮಗುವಿಗೆ ಒರೆಸಿದ್ದರೆ ಸರಿಹೋಗುತ್ತಿತ್ತಂತೆ, ಹೌದಾ? ಈಗ ಪ್ರೋಬಯಾಟಿಕ್ ಡ್ರಾಪ್ಸ್ ಹಾಕಬೇಕಾ? ಒಂದೊಂದು ಸಲ ಅವನ ಕಕ್ಕ ಹಸಿರಾಗಿರುತ್ತದೆ, ಅದಕ್ಕೂ ಇದೇ ಕಾರಣವಾ? ಮುಂದಿನ ಸಲವಾದರೂ ನಾರ್ಮಲ್ ಡೆಲಿವರಿ ಆಗಲೇಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಇರುವ ಪ್ರಶ್ನೆಗಳು ಐದಾರು, ಆದರೆ ಅವೆಲ್ಲದರ ಹಿಂದೆ ಇರುವುದು ಒಂದೇ ಸಂಕಟ. ‘ನನ್ನಿಂದ ಮಗುವಿಗೆ ಏನೋ ತಪ್ಪಿಹೋಯಿತು, ಇನ್ನು ಅದು ಸಿಗುವುದಿಲ್ಲ’ ಅನ್ನುವುದು. ಹೆರಿಗೆ ವಾರ್ಡ್‌ನಲ್ಲಿ ಈ ಮಾತನ್ನು ನಾನು ಎಷ್ಟೋ ತಾಯಂದಿರಿಂದ ಕೇಳಿದ್ದೇನೆ. ಹೊಟ್ಟೆಯ ಗಾಯ ಮಾಯುವ ಮೊದಲೇ ಮನಸ್ಸಿಗೆ ಈ ಗಾಯ ಮಾಡಿಕೊಂಡಿರುತ್ತಾರೆ. ಅದಕ್ಕೇ ಮೊದಲು ನೇರವಾಗಿ ಹೇಳಿಬಿಡುತ್ತೇನೆ. ವ್ಯತ್ಯಾಸ ಆಗುತ್ತದೆ ಅನ್ನುವುದು ನಿಜ. ಅದು ಕೈತಪ್ಪಿ ಹೋಯಿತು, ಮತ್ತೆ ಸಿಗುವುದಿಲ್ಲ ಅನ್ನುವುದು ನಿಜವಲ್ಲ. ಮೊದಲ ಒಂದು ವರ್ಷ ಪೂರ್ತಿ ಮಗುವಿನ ಕರುಳಿಗೆ ಬ್ಯಾಕ್ಟೀರಿಯಾ ಬಂದು ಸೇರುತ್ತಲೇ ಇರುತ್ತವೆ, ಮತ್ತು ಅವುಗಳನ್ನು ಹೆಚ್ಚಾಗಿ ಕೊಡುವವರು ನೀವೇ. ಅದು ಈಗಲೂ ನಡೆಯುತ್ತಿದೆ.

ಹೊಟ್ಟೆಯೊಳಗಿರುವಾಗಲೇ ಮಗುವಿಗೆ ಬ್ಯಾಕ್ಟೀರಿಯಾ ಸೇರಿರುತ್ತವೆ ಅಂತ ಕೆಲವು ವರ್ಷ ಒಂದು ವಾದ ನಡೆದಿತ್ತು. 2019ರಲ್ಲಿ ಬ್ರಿಟನ್ನಿನ ಸಂಶೋಧಕರು 537 ಮಾಸುಗಳನ್ನು ಪರೀಕ್ಷಿಸಿ ನೋಡಿದರು. ಅಲ್ಲಿ ಬ್ಯಾಕ್ಟೀರಿಯಾಗಳ ಸಂಸಾರ ಅನ್ನುವಂಥದ್ದೇನೂ ಇರಲಿಲ್ಲ. ಹಾಗಾಗಿ ಮಗು ಹೆಚ್ಚುಕಡಿಮೆ ಖಾಲಿ ಕರುಳಿನೊಂದಿಗೇ ಹುಟ್ಟುತ್ತದೆ ಎಂದುಕೊಳ್ಳಿ. ಮೊದಲ ಒಂದೆರಡು ದಿನ ನಿಮ್ಮ ಮಗ ಮಾಡಿದ ಕಕ್ಕ ನೆನಪಿದೆಯಾ? ಡಾಂಬರಿನ ಹಾಗೆ ಕಪ್ಪು ಹಸಿರು, ಅಂಟಂಟು, ಒರೆಸಿದರೂ ಬಿಡದು. ಅದಕ್ಕೆ ವಾಸನೆಯೇ ಇರುವುದಿಲ್ಲ. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಇನ್ನೂ ಅಲ್ಲಿಗೆ ಬಂದೇ ಇರುವುದಿಲ್ಲ.

ಹುಟ್ಟಿದ ಕೂಡಲೇ ಎಲ್ಲ ಬ್ಯಾಕ್ಟೀರಿಯಾಗಳೂ ಕರುಳಲ್ಲಿ ಬದುಕಲಾರವು. ಆಗ ಅಲ್ಲಿ ಆಮ್ಲಜನಕ ಇರುತ್ತದೆ. ನಮಗೆ ಬೇಕಾದ ಬೈಫಿಡೊ, ಬ್ಯಾಕ್ಟಿರಾಯ್ಡಿಸ್‌ನಂಥವುಗಳಿಗೆ ಆಮ್ಲಜನಕ ಆಗಿಬರುವುದಿಲ್ಲ. ಅದಿದ್ದರೂ ಇಲ್ಲದಿದ್ದರೂ ಬದುಕಬಲ್ಲ ಇ. ಕೊಲೈನಂಥವು ಮೊದಲು ಬಂದು ಆ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಆಮೇಲೆ ಉಳಿದವು ಬೇರೂರುತ್ತವೆ. ಗದ್ದೆ ಹದಮಾಡಿದ ಮೇಲೆ ಪೈರು ಹಿಡಿಯುವ ಹಾಗೆ. ಇದೆಲ್ಲ ಒಂದೇ ಗಳಿಗೆಯಲ್ಲಿ ಮುಗಿಯುವ ಕೆಲಸ ಅಲ್ಲ. ‘ಹುಟ್ಟಿದ ಕ್ಷಣದಲ್ಲೇ ಎಲ್ಲ ತೀರ್ಮಾನ ಆಗಿಹೋಗುತ್ತದೆ’ ಎನ್ನುವ ವಿಡಿಯೊಗಳು ಈ ಭಾಗವನ್ನೇ ಬಿಟ್ಟುಬಿಡುತ್ತವೆ.

ಹಾಗಾದರೆ ಸಿಸೇರಿಯನ್‌ನಿಂದ ಏನು ಬದಲಾಗುತ್ತದೆ? ಈ ಚರ್ಚೆಗೆ ದೊಡ್ಡ ಹೆಸರು ತಂದದ್ದು 2010ರಲ್ಲಿ ವೆನಿಜುವೆಲಾದಲ್ಲಿ ನಡೆದ ಒಂದು ಸಣ್ಣ ಅಧ್ಯಯನ. ಸಹಜವಾಗಿ ಹುಟ್ಟಿದ ಮಕ್ಕಳ ಮೈಮೇಲೆ, ಬಾಯಲ್ಲಿ ತಾಯಿಯ ಯೋನಿಯ ಬ್ಯಾಕ್ಟೀರಿಯಾಗಳು ಸಿಕ್ಕವು. ಸಿಸೇರಿಯನ್ ಮಕ್ಕಳಲ್ಲಿ ಸಿಕ್ಕವು ಚರ್ಮದ ಮೇಲಿರುವಂಥವು. ‘ಯೋನಿಯ ಬ್ಯಾಕ್ಟೀರಿಯಾ ಒರೆಸಿದರೆ ಸಾಕು’ ಎನ್ನುವ ಯೋಚನೆ ಹುಟ್ಟಿದ್ದೇ ಇಲ್ಲಿಂದ. ಆದರೆ ಅದು ಹುಟ್ಟಿದ ಮೊದಲ ದಿನದ ಚಿತ್ರ. ಆಮೇಲೆ ಕರುಳಲ್ಲಿ ನೆಲೆ ನಿಲ್ಲುವುದು ಯಾವುದು ಅನ್ನುವುದೇ ಬೇರೆ ಪ್ರಶ್ನೆ.

ಅದಕ್ಕೆ ಉತ್ತರ ಸಿಕ್ಕಿದ್ದು 2019ರಲ್ಲಿ. ಬ್ರಿಟನ್ನಿನಲ್ಲಿ 596 ಮಕ್ಕಳ ಮಲವನ್ನು ಹುಟ್ಟಿದ ವಾರಗಳಿಂದ ಹಿಡಿದು ಪರೀಕ್ಷಿಸಿದರು. ಸಿಸೇರಿಯನ್ ಮಕ್ಕಳಲ್ಲಿ ಬ್ಯಾಕ್ಟಿರಾಯ್ಡಿಸ್ ತುಂಬಾ ಕಡಿಮೆ ಇತ್ತು. ಅದರ ಜಾಗದಲ್ಲಿ ಎಂಟೆರೊಕಾಕಸ್, ಕ್ಲೆಬ್ಸಿಯೆಲ್ಲಾದಂಥ, ಆಸ್ಪತ್ರೆಗಳಲ್ಲಿ ಜಾಸ್ತಿ ಕಾಣುವ ಬ್ಯಾಕ್ಟೀರಿಯಾಗಳಿದ್ದವು. ಈ ಬ್ಯಾಕ್ಟಿರಾಯ್ಡಿಸ್ ಇರುವುದು ತಾಯಿಯ ಯೋನಿಯಲ್ಲಲ್ಲ, ಕರುಳಿನಲ್ಲಿ. ಸಹಜ ಹೆರಿಗೆಯಲ್ಲಿ ಮಗುವಿನ ತಲೆ ಕೆಳಗೆ ಒತ್ತಿಕೊಂಡು ಬರುವಾಗ ತಾಯಿಗೆ ಅರಿವಿಲ್ಲದೆ ಸ್ವಲ್ಪ ಮಲ ಹೊರಬರುವುದು ತೀರಾ ಸಾಮಾನ್ಯ. ತಾಯಂದಿರು ನಾಚಿಕೊಳ್ಳುತ್ತಾರೆ, ನಾವು ಸುಮ್ನೆ ಒರೆಸಿ ಮುಂದಿನ ಕೆಲಸ ನೋಡುತ್ತೇವೆ. ಮಗುವಿಗೆ ತಾಯಿಯ ಕರುಳಿನ ಬ್ಯಾಕ್ಟೀರಿಯಾ ಮೊದಲು ಸಿಗುವ ಹಾದಿಗಳಲ್ಲಿ ಅದೂ ಒಂದು.

ಅದೇ ಅಧ್ಯಯನದಲ್ಲಿ ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಎರಡೂ ಗುಂಪಿನ ಮಕ್ಕಳ ಕರುಳು ಬಹುಪಾಲು ಒಂದೇ ಥರ ಆಗಿತ್ತು. ಬ್ಯಾಕ್ಟಿರಾಯ್ಡಿಸ್ ಮಾತ್ರ ಸಿಸೇರಿಯನ್ ಮಕ್ಕಳಲ್ಲಿ ಆಗಲೂ ಸ್ವಲ್ಪ ಹಿಂದೆ ಇತ್ತು.

‘14 ಗಂಟೆ ನೋವು ತಿಂದಿದ್ದೇನೆ, ಅದರಿಂದ ಏನಾದರೂ ಉಪಯೋಗ ಆಗಿದೆಯಾ’ ಅಂತ ನೀವು ಕೇಳದಿದ್ದರೂ ಬೇರೆ ತಾಯಂದಿರು ಕೇಳುತ್ತಾರೆ. ನೋವು ಬಂದ ಮೇಲೆ ಆದ ಸಿಸೇರಿಯನ್, ನೋವಿಲ್ಲದೆ ದಿನ ನೋಡಿ ಮಾಡಿದ ಸಿಸೇರಿಯನ್, ಎರಡನ್ನೂ ಅಮೆರಿಕದಲ್ಲಿ ಹೋಲಿಸಿ ನೋಡಿದ್ದಾರೆ. ಬ್ಯಾಕ್ಟಿರಾಯ್ಡಿಸ್ ವಿಷಯದಲ್ಲಿ ಎರಡೂ ಒಂದೇ. ಅದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಸಿಸೇರಿಯನ್ ಮಕ್ಕಳಲ್ಲೂ ಮೊದಲ ವಾರ ಬ್ಯಾಕ್ಟಿರಾಯ್ಡಿಸ್ ಕಾಣಿಸಿಕೊಂಡಿತ್ತು, ಎರಡನೇ ವಾರದ ಹೊತ್ತಿಗೆ ಮಾಯವಾಗಿತ್ತು. ಅಂದರೆ ಸಿಗದೇ ಇರುವುದಷ್ಟೇ ಸಮಸ್ಯೆ ಅಲ್ಲ, ಸಿಕ್ಕಿದ್ದು ನೆಲೆ ನಿಲ್ಲದಿರುವುದೂ ಸಮಸ್ಯೆ. ಹಾಗಿದ್ದರೆ ಒಂದು ಬಟ್ಟೆಯಿಂದ ಒರೆಸಿ ಇದನ್ನು ಸರಿಮಾಡಬಹುದು ಅನ್ನುವುದು ಎಷ್ಟು ದೂರದ ಮಾತು, ಅಲ್ವಾ?

ಇನ್ನು ಆಂಟಿಬಯಾಟಿಕ್. ಆಪರೇಷನ್‌ಗೆ ಮೊದಲು ಒಂದು ಡೋಸ್ ಕೊಡುವುದರಿಂದ ತಾಯಿಯ ಗಾಯ ಕೀವಾಗುವುದು, ಗರ್ಭಕೋಶಕ್ಕೆ ನಂಜಾಗುವುದು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಇದು ಸಣ್ಣ ಲಾಭ ಅಲ್ಲ. ನಂಜಾದ ತಾಯಿ ಜ್ವರದಲ್ಲಿ ಮಲಗಿದರೆ ಮಗುವಿಗೆ ಎದೆ ಕೊಡುವುದು ಯಾರು? ಮೊದಲೆಲ್ಲ ಈ ಇಂಜೆಕ್ಷನ್ ಅನ್ನು ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಕೊಡುತ್ತಿದ್ದರು, ಮಗುವಿಗೆ ಔಷಧ ಹೋಗಬಾರದು ಅಂತ. ಈಗ ಮೊದಲೇ ಕೊಡುತ್ತಾರೆ, ಹಾಗಾಗಿ ಸ್ವಲ್ಪ ಮಗುವಿಗೂ ಹೋಗುತ್ತದೆ. ಇದರಿಂದ ಮುಂದೆ ತೊಂದರೆ ಆಗುತ್ತದಾ ಅಂತ ಬ್ರಿಟನ್ನಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದರು. ಅಸ್ತಮಾ, ಎಕ್ಸಿಮಾ (ಚರ್ಮ ಕೆಂಪಾಗಿ ತುರಿಸುವ ಕಾಯಿಲೆ) ಎರಡೂ ಹೆಚ್ಚಿರಲಿಲ್ಲ. ಆ ಇಂಜೆಕ್ಷನ್ ಬಗ್ಗೆ ಚಿಂತೆ ಬಿಡಿ.

ನಿಮ್ಮ ನಿದ್ದೆ ಕೆಡಿಸಿರುವುದು ಕಾಯಿಲೆಗಳ ಮಾತು. ಅಲ್ಲಿ ನಿಧಾನವಾಗಿ ಹೋಗೋಣ. ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಸಿಸೇರಿಯನ್ ಮಕ್ಕಳಲ್ಲಿ ಅಸ್ತಮಾದ ಸಂಭವ ಸುಮಾರು 20 ಶೇಕಡಾ ಹೆಚ್ಚು ಕಾಣುತ್ತದೆ. ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ‘100 ಮಕ್ಕಳಲ್ಲಿ 20 ಮಕ್ಕಳಿಗೆ ಅಸ್ತಮಾ’ ಅಂತ ಇದರ ಅರ್ಥವಲ್ಲ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಸಹಜವಾಗಿ ಹುಟ್ಟಿದ 100 ಮಕ್ಕಳಲ್ಲಿ 10 ಮಕ್ಕಳಿಗೆ ಅಸ್ತಮಾ ಬರುವ ಕಡೆ, ಸಿಸೇರಿಯನ್ ಆದ 100 ಮಕ್ಕಳಲ್ಲಿ 12 ಮಕ್ಕಳಿಗೆ ಬರುತ್ತದೆ. 88 ಮಕ್ಕಳಿಗೆ ಬರುವುದಿಲ್ಲ. ಆ ಹೆಚ್ಚಿನ ಇಬ್ಬರಲ್ಲೂ ಸಿಸೇರಿಯನ್ನೇ ಕಾರಣ ಅಂತ ಹೇಳಲಾಗದು. ತಾಯಿಗೆ ಅಸ್ತಮಾ, ಸಕ್ಕರೆ ಕಾಯಿಲೆ, ತೂಕ ಜಾಸ್ತಿ ಇದ್ದರೆ ಸಿಸೇರಿಯನ್ ಆಗುವ ಸಂಭವವೂ ಜಾಸ್ತಿ, ಮಗುವಿಗೆ ಅಸ್ತಮಾ ಅಥವಾ ಬೊಜ್ಜು ಬರುವ ಸಂಭವವೂ ಜಾಸ್ತಿ. ಬೇರು ಒಂದೇ, ನಾವು ನೋಡುತ್ತಿರುವುದು ಎರಡು ಕೊಂಬೆಗಳನ್ನು ಅಷ್ಟೇ.

ಡೆನ್ಮಾರ್ಕಿನ ಒಂದು ಅಧ್ಯಯನ ನನಗೆ ಬಹಳ ಮುಖ್ಯ ಅನಿಸುತ್ತದೆ. ಅಲ್ಲಿ 700 ಮಕ್ಕಳನ್ನು ಹುಟ್ಟಿನಿಂದ ಆರು ವರ್ಷದವರೆಗೆ ಗಮನಿಸುತ್ತ ಬಂದರು. ಸಿಸೇರಿಯನ್ ಮಕ್ಕಳಲ್ಲಿ ಅಸ್ತಮಾದ ಸಂಭವ ಹೆಚ್ಚಿದ್ದದ್ದು ಒಂದು ಗುಂಪಿನಲ್ಲಿ ಮಾತ್ರ. ಒಂದು ವರ್ಷ ತುಂಬಿದಾಗಲೂ ಕರುಳಿನ ಬ್ಯಾಕ್ಟೀರಿಯಾಗಳು ಹುಟ್ಟಿದಾಗಿನ ಹಾಗೇ ಉಳಿದಿದ್ದ ಮಕ್ಕಳಲ್ಲಿ. ಅಷ್ಟರೊಳಗೆ ಬದಲಾಗಿ ಪಕ್ವವಾಗಿದ್ದ ಮಕ್ಕಳಲ್ಲಿ ಆ ಹೆಚ್ಚಳ ಕಾಣಲಿಲ್ಲ. ನಿಮ್ಮ ಮಗನಿಗೆ ಈಗ ಐದು ವಾರ. ಇನ್ನೂ ಹತ್ತು ತಿಂಗಳಿಗಿಂತ ಹೆಚ್ಚು ಸಮಯ ಕೈಯಲ್ಲಿದೆ.

ಈಗ ಒರೆಸುವ ವಿಷಯಕ್ಕೆ ಬರೋಣ. ಆಪರೇಷನ್‌ಗೆ ಮೊದಲು ತಾಯಿಯ ಯೋನಿಯಲ್ಲಿ ಗಾಜ್ ಬಟ್ಟೆ ಇಟ್ಟು, ಮಗು ಹುಟ್ಟಿದ ಕೂಡಲೇ ಅದನ್ನು ಮಗುವಿನ ಬಾಯಿ, ಮುಖ, ಮೈಗೆ ಒರೆಸುವುದು ಈ ವಿಧಾನ. 2016ರಲ್ಲಿ ಇದರ ಮೊದಲ ವರದಿ ಬಂತು. ಹಾಗೆ ಒರೆಸಿದ್ದು ಕೇವಲ ನಾಲ್ಕು ಮಕ್ಕಳಿಗೆ. ನಾಲ್ಕು ಮಕ್ಕಳ ಸುದ್ದಿ ಜಗತ್ತೆಲ್ಲ ಸುತ್ತಿತು. ಆಮೇಲೆ ನ್ಯೂಜಿಲೆಂಡಿನಲ್ಲಿ ತಾಯಿಯ ಯೋನಿಯ ಬ್ಯಾಕ್ಟೀರಿಯಾವನ್ನು ಮಕ್ಕಳ ಬಾಯಿಗೇ ಹಾಕಿ ನೋಡಿದರು. ಕರುಳಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಬೇಕಾದ ಬ್ಯಾಕ್ಟೀರಿಯಾ ಅಲ್ಲಿಂದ ಬರುವುದೇ ಇಲ್ಲ ಅಂದಮೇಲೆ ಇದು ಆಶ್ಚರ್ಯವೇನೂ ಅಲ್ಲ. ಅಪಾಯ ಮಾತ್ರ ನಿಜವಾದದ್ದು. ಯೋನಿಯಲ್ಲಿ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್, ಹರ್ಪಿಸ್, ಗೊನೊರಿಯಾದಂಥ ರೋಗಾಣುಗಳು ಇದ್ದರೂ ಎಷ್ಟೋ ಸಲ ತಾಯಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಹಸುಗೂಸಿಗೆ ಹರ್ಪಿಸ್ ಬಂದರೆ ಮಿದುಳಿಗೆ ಏರಬಹುದು, ಜೀವಕ್ಕೇ ಕುತ್ತು. ಈ ಕಾರಣಕ್ಕೆ ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2017ರಲ್ಲೇ ಸ್ಪಷ್ಟವಾಗಿ ಹೇಳಿತು, ಸಂಶೋಧನೆಯ ಚೌಕಟ್ಟು ಬಿಟ್ಟು ಬೇರೆಲ್ಲೂ ಇದನ್ನು ಮಾಡಬಾರದು ಅಂತ. ನಿಮ್ಮ ಮಗನಿಗೆ ಯಾರೂ ಹೀಗೆ ಒರೆಸಲಿಲ್ಲ ಎಂಬುದರಿಂದ ಅವನಿಗೆ ಏನೂ ನಷ್ಟವಾಗಿಲ್ಲ.

ಫಿನ್ಲೆಂಡಿನಲ್ಲಿ ಇನ್ನೊಂದು ಪ್ರಯೋಗ 2020ರಲ್ಲಿ ವರದಿಯಾಯಿತು. ತಾಯಿಯ ಮಲದಿಂದ ತೆಗೆದ ತೀರಾ ಸ್ವಲ್ಪ ಅಂಶವನ್ನು ಹಾಲಿನಲ್ಲಿ ಸೇರಿಸಿ ಏಳು ಸಿಸೇರಿಯನ್ ಮಕ್ಕಳಿಗೆ ಕೊಟ್ಟರು. ಮೂರು ತಿಂಗಳಲ್ಲಿ ಆ ಮಕ್ಕಳ ಕರುಳು ಸಹಜ ಹೆರಿಗೆಯ ಮಕ್ಕಳ ಕರುಳಿನಂತೆ ಆಯಿತು. ತಾಯಿಯ ಕರುಳೇ ಮೂಲ ಅನ್ನುವುದಕ್ಕೆ ಇದು ಒಳ್ಳೆ ಪುರಾವೆ. ಆದರೆ ಇದನ್ನು ಓದಿ ಯಾರೂ ಮನೆಯಲ್ಲಿ ಕೈಹಾಕಬೇಡಿ, ಕೈಮುಗಿದು ಕೇಳುತ್ತೇನೆ. ಅಲ್ಲಿ ಮುಂದೆ ಬಂದ 17 ತಾಯಂದಿರಲ್ಲಿ ಸೋಂಕಿನ ಪರೀಕ್ಷೆ ಮತ್ತಿತರ ಜರಡಿ ದಾಟಿ ಆಯ್ಕೆಯಾದವರು ಏಳೇ ಮಂದಿ. ಆರೋಗ್ಯವಾಗಿ ಕಂಡ ತಾಯಂದಿರೇ ಅವರೆಲ್ಲ.

ಪ್ರೋಬಯಾಟಿಕ್ ಡ್ರಾಪ್ಸ್ ಬಗ್ಗೆ ನನ್ನ ಮಾತು: ನಿಮ್ಮ ಮಗನಿಗೆ ಈಗ ಬೇಡ. ತಿಂಗಳು ತುಂಬಿ ಹುಟ್ಟಿ, ಎದೆಹಾಲು ಕುಡಿದು, ತೂಕ ಏರುತ್ತಿರುವ ಮಗುವಿಗೆ ‘ಸಿಸೇರಿಯನ್ ಆಗಿದೆ’ ಅನ್ನುವ ಒಂದೇ ಕಾರಣಕ್ಕೆ ಇವನ್ನು ಕೊಟ್ಟರೆ ಮುಂದೆ ಕಾಯಿಲೆ ತಪ್ಪುತ್ತದೆ ಅಂತ ಹೇಳಲು ಆಧಾರ ಸಾಲದು. ಪ್ರೋಬಯಾಟಿಕ್ ಎಲ್ಲವೂ ಸುಳ್ಳು ಅಂತಲೂ ನಾನು ಹೇಳುವುದಿಲ್ಲ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಇದೆ. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನು, ಅದಕ್ಕೆ ಬೇಕಾದ ಆಹಾರದ ಜೊತೆ, ಏಳು ದಿನ ಕೊಟ್ಟರು. ನಂಜು ಮತ್ತು ಸಾವು ಸೇರಿ 9 ಶೇಕಡಾ ಇದ್ದದ್ದು 5.4ಕ್ಕೆ ಇಳಿಯಿತು. ಬಹಳ ದೊಡ್ಡ ಕೆಲಸ ಅದು. ಆದರೆ ಆ ತಳಿ ಬೇರೆ, ಆ ಉದ್ದೇಶ ಬೇರೆ. ಅಂಗಡಿಯಲ್ಲಿ ಸಿಗುವ ಬಾಟಲಿಯ ಮೇಲೆ ‘ಪ್ರೋಬಯಾಟಿಕ್’ ಅಂತ ಬರೆದಿದ್ದ ಮಾತ್ರಕ್ಕೆ ಈ ಗುಣ ಅದಕ್ಕೆ ಬರುವುದಿಲ್ಲ. ಇವು ಜೀವಂತ ಬ್ಯಾಕ್ಟೀರಿಯಾ ಎನ್ನುವುದನ್ನೂ ಮರೆಯಬಾರದು. ತಿಂಗಳು ತುಂಬದೆ ಹುಟ್ಟಿದ ಒಂದು ಮಗುವಿನ ರಕ್ತಕ್ಕೆ ಪ್ರೋಬಯಾಟಿಕ್‌ನ ಬ್ಯಾಕ್ಟೀರಿಯಾವೇ ಸೇರಿ ಮಗು ತೀರಿಕೊಂಡ ಮೇಲೆ, 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ನಿಮ್ಮ ಮಗನಂಥ ಗಟ್ಟಿ ಕೂಸಿಗೆ ಆ ಮಟ್ಟದ ಅಪಾಯ ಇಲ್ಲ. ಆದರೂ ಬೇಡದ್ದನ್ನು ಯಾಕೆ ಕೊಡಬೇಕು? ದೊಡ್ಡವರ ಕ್ಯಾಪ್ಸೂಲ್ ಬಿಚ್ಚಿ ಹಾಲಿಗೆ ಹಾಕುವುದಂತೂ ಬೇಡವೇ ಬೇಡ.

ಮಾಡಬೇಕಾದ್ದರಲ್ಲಿ ದೊಡ್ಡದನ್ನು ನೀವು ಆಗಲೇ ಮಾಡುತ್ತಿದ್ದೀರಿ. ಎದೆಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬು ಬಿಟ್ಟರೆ ಅತಿ ಹೆಚ್ಚು ಇರುವ ಘನಪದಾರ್ಥ ಒಂದು ಬಗೆಯ ಸಕ್ಕರೆಗಳು. ಅವನ್ನು ಮಗು ಜೀರ್ಣಿಸಿಕೊಳ್ಳಲಾರದು. ಮಗುವಿಗೆ ದಕ್ಕದ ಆಹಾರವನ್ನು ತಾಯಿಯ ದೇಹ ಇಷ್ಟು ಕಷ್ಟಪಟ್ಟು ಯಾಕೆ ತಯಾರಿಸುತ್ತದೆ? ಅದು ಮಗುವಿನ ಕರುಳಿನಲ್ಲಿರುವ ಬೈಫಿಡೊಬ್ಯಾಕ್ಟೀರಿಯಾಗಳಿಗೆ ಮೀಸಲಾದ ಊಟ. ಎದೆಹಾಲು ಕುಡಿಯುವ ಮಕ್ಕಳ ಮಲದಲ್ಲಿ ಈ ಬ್ಯಾಕ್ಟೀರಿಯಾವನ್ನು ಪ್ಯಾರಿಸ್ಸಿನಲ್ಲಿ ಆನ್ರಿ ಟಿಸಿಯೆ ಗುರುತಿಸಿದ್ದು 1899ರಷ್ಟು ಹಿಂದೆ. ನಿಮ್ಮ ಮಗನ ಡೈಪರ್ ಬಿಚ್ಚಿದಾಗ ಈಗ ಬರುವ ವಾಸನೆ ಗಮನಿಸಿ. ಕೊಳೆತ ವಾಸನೆ ಇರುವುದಿಲ್ಲ, ಸ್ವಲ್ಪ ಹುಳಿ ಹುಳಿ ಇರುತ್ತದೆ. ಬೈಫಿಡೊಗಳು ಆ ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಆ ಆಮ್ಲದಲ್ಲಿ ಎಷ್ಟೋ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಕಷ್ಟ. ನಾನಂತೂ ತಪಾಸಣೆ ಮಾಡುವಾಗ ಆ ಹುಳಿ ವಾಸನೆ ಬಂದರೆ ಖುಷಿಪಡುತ್ತೇನೆ.

ಎದೆಹಾಲಿನಲ್ಲಿ ಬ್ಯಾಕ್ಟೀರಿಯಾಗಳೂ ಇರುತ್ತವೆ, ನಿಮ್ಮ ಚರ್ಮದಿಂದ, ಬಾಯಿಂದಲೂ ಹೋಗುತ್ತವೆ. ನೆದರ್ಲೆಂಡ್ಸ್‌ನಲ್ಲಿ 120 ತಾಯಿ-ಮಕ್ಕಳನ್ನು ನೋಡಿದ 2023ರ ಅಧ್ಯಯನದ ಪ್ರಕಾರ, ಹುಟ್ಟಿದ ರೀತಿ ಯಾವುದೇ ಇರಲಿ, ಮಗುವಿನ ಬ್ಯಾಕ್ಟೀರಿಯಾಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಮೂಲ ತಾಯಿಯಲ್ಲೇ ಸಿಗುತ್ತದೆ. ಸಿಸೇರಿಯನ್ ಮಕ್ಕಳಿಗೆ ತಾಯಿಯ ಕರುಳಿನಿಂದ ಕಡಿಮೆ ಬಂದದ್ದನ್ನು ಎದೆಹಾಲು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತಿತ್ತು. ಆ ಮೂರು ದಿನ ಪುಡಿ ಹಾಲು ಕೊಟ್ಟದ್ದಕ್ಕೆ ಕೊರಗಬೇಡಿ. ಸಿಸೇರಿಯನ್ ಆದಾಗ ಹಾಲು ಇಳಿಯುವುದು ಒಂದೆರಡು ದಿನ ತಡವಾಗುವುದು ಸಾಮಾನ್ಯ. ಹಸಿದ ಕೂಸಿಗೆ ಹೊಟ್ಟೆ ತುಂಬಿಸಿದಿರಿ, ಆಮೇಲೆ ಛಲ ಬಿಡದೆ ಎದೆಹಾಲಿಗೆ ತಂದಿರಿ. ಹೊಟ್ಟೆಯಲ್ಲಿ ಹೊಲಿಗೆ ಇಟ್ಟುಕೊಂಡು ಅದನ್ನು ಸಾಧಿಸುವುದು ಎಷ್ಟು ಕಷ್ಟ ಅಂತ ನಾನು ದಿನಾ ನೋಡುತ್ತೇನೆ.

ಇನ್ನು ಮುಂದಕ್ಕೆ: ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ಮಗುವನ್ನು ಬರೀ ಎದೆಗೆ ಒರಗಿಸಿಕೊಂಡು ಮಲಗಿ, ಐದು ವಾರವಾದರೂ ತಡವಾಗಿಲ್ಲ. ನಿಮಗೆ ತೂಕಡಿಕೆ ಬಂದರೆ ಮಾತ್ರ ಅವನನ್ನು ಅವನ ಹಾಸಿಗೆಗೆ ಹಾಕಿ. ಮಗುವನ್ನು ಮುಟ್ಟುವ ಮೊದಲು ಕೈ ತೊಳೆಯಿರಿ, ಆದರೆ ಮನೆಯನ್ನೆಲ್ಲ ಕ್ರಿಮಿನಾಶಕದಿಂದ ಒರೆಸಿ ಆಸ್ಪತ್ರೆ ಮಾಡಬೇಡಿ. ನನಗೆ ಹೆಚ್ಚು ಕಾಳಜಿ ಇರುವುದು ಆಂಟಿಬಯಾಟಿಕ್ ಬಗ್ಗೆ. ಹುಟ್ಟುವಾಗ ಸಿಕ್ಕ ಒಂದು ಡೋಸ್‌ಗಿಂತ, ಮೊದಲ ವರ್ಷ ನೆಗಡಿ ನೆಗಡಿಗೂ ಕೊಡುವ ಸಿರಪ್ ಕರುಳನ್ನು ಜಾಸ್ತಿ ಕದಡುತ್ತದೆ. ವೈರಸ್‌ನಿಂದ ಬಂದ ನೆಗಡಿಗೆ ಅದು ಕೆಲಸವನ್ನೇ ಮಾಡುವುದಿಲ್ಲ. ನಿಜವಾದ ಸೋಂಕಿಗೆ ವೈದ್ಯರು ಬರೆದುಕೊಟ್ಟಾಗ ಮಾತ್ರ ಹಿಂದೆಮುಂದೆ ನೋಡದೆ, ಹೇಳಿದಷ್ಟು ದಿನ ಪೂರ್ತಿ ಕೊಡಿ. ಆರು ತಿಂಗಳಾದ ಮೇಲೆ ಧಾನ್ಯ, ಕಾಳು, ತರಕಾರಿ, ಹಣ್ಣು ಅಂತ ಬಗೆಬಗೆಯಾಗಿ ಶುರುಮಾಡಿ. ನಾರಿನ ಅಂಶ ಹೊಟ್ಟೆಗೆ ಹೋದಾಗ ಕರುಳಿನಲ್ಲಿ ಹೊಸ ಹೊಸ ಬ್ಯಾಕ್ಟೀರಿಯಾ ಸೇರುವ ದೊಡ್ಡ ಬದಲಾವಣೆ ಆಗುತ್ತದೆ.

ಹಸಿರು ಕಕ್ಕಕ್ಕೂ ಸಿಸೇರಿಯನ್‌ಗೂ ಸಂಬಂಧ ಇಲ್ಲ. ಪಿತ್ತರಸದ ಬಣ್ಣ ಅದು. ಕರುಳಿನಲ್ಲಿ ಬೇಗ ಸಾಗಿ ಬಂದರೆ ಹಸಿರಾಗಿಯೇ ಉಳಿಯುತ್ತದೆ. ಮಗು ಚೆನ್ನಾಗಿ ಕುಡಿದು ತೂಕ ಏರುತ್ತಿದ್ದರೆ ಹಸಿರು, ಹಳದಿ, ಕಂದು ಎಲ್ಲವೂ ಸರಿ. ತಡಮಾಡದೆ ತೋರಿಸಬೇಕಾದ್ದು ಬೇರೆ: ಸುಣ್ಣದ ಹಾಗೆ ಬಿಳಿಚಿಕೊಂಡ ಮಲ, ಮಲದಲ್ಲಿ ರಕ್ತ, ಹಸಿರು ವಾಂತಿ, ಹಾಲು ಬಿಟ್ಟು ಮಂಕಾಗುವುದು, 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ರಾತ್ರಿ ಆಗಿದ್ದರೂ ಬೆಳಗಿನವರೆಗೆ ಕಾಯಬೇಡಿ.

ಮುಂದಿನ ಹೆರಿಗೆಯ ಬಗ್ಗೆ. ಎದೆಬಡಿತ ಇಳಿಯುತ್ತಿದ್ದಾಗ ನಿಮ್ಮ ವೈದ್ಯರು ಕಾದಿದ್ದರೆ ಇವತ್ತು ನಾವು ಬ್ಯಾಕ್ಟೀರಿಯಾ ಬಗ್ಗೆ ಮಾತಾಡುತ್ತಿರಲಿಲ್ಲ. ಬೇಕಾದಾಗ ಮಾಡಿದ ಸಿಸೇರಿಯನ್‌ಗೆ ಕರುಳಿನ ಬ್ಯಾಕ್ಟೀರಿಯಾ ಸಾಟಿಯಲ್ಲ. ಯಾವ ಕಾರಣವೂ ಇಲ್ಲದೆ ಸಿಸೇರಿಯನ್ ಬೇಡ ಅಂತ ನಾನೂ ಹೇಳುತ್ತೇನೆ, ಆದರೆ ಅದಕ್ಕೆ ತಾಯಿಯ ರಕ್ತಸ್ರಾವ, ಮುಂದಿನ ಬಸಿರಿನಲ್ಲಿ ಮಾಸು ಗಾಯಕ್ಕೆ ಅಂಟಿಕೊಳ್ಳುವ ಅಪಾಯ ಇವೇ ದೊಡ್ಡ ಕಾರಣಗಳು. ಒಂದು ಸಿಸೇರಿಯನ್ ಆದ ಮೇಲೆ ಸಹಜ ಹೆರಿಗೆಗೆ ಪ್ರಯತ್ನಿಸಿದ ತಾಯಂದಿರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಸಾಧ್ಯವಾಗುತ್ತದೆ. 200ರಲ್ಲಿ ಸುಮಾರು ಒಬ್ಬರಿಗೆ ಹಳೆ ಗಾಯ ಬಿಚ್ಚಿಕೊಳ್ಳುವ ಅಪಾಯ ಇರುತ್ತದೆ. ಹಾಗಾಗಿ ಬೇಕೆಂದಾಗ ಆಪರೇಷನ್ ಮಾಡಬಲ್ಲ, ರಕ್ತ ಸಿಗುವ ಆಸ್ಪತ್ರೆಯಲ್ಲೇ ಅದನ್ನು ಪ್ರಯತ್ನಿಸಬೇಕು. ಇದೆಲ್ಲ ನಿಂತಿರುವುದು ಗರ್ಭಕೋಶದ ಮೇಲಿನ ಗಾಯ ಕೆಳಭಾಗದಲ್ಲಿ ಅಡ್ಡಕ್ಕೆ ಇದೆಯೋ, ಮೇಲಿನಿಂದ ಉದ್ದಕ್ಕೆ ಇದೆಯೋ ಎಂಬುದರ ಮೇಲೆ. ಹೊಟ್ಟೆಯ ಮೇಲಿನ ಗುರುತು ನೋಡಿದರೆ ಅದು ತಿಳಿಯುವುದಿಲ್ಲ. ಮುಂದಿನ ಲಸಿಕೆಗೆ ಆಸ್ಪತ್ರೆಗೆ ಹೋದಾಗ ನಿಮ್ಮ ಆಪರೇಷನ್ ಟಿಪ್ಪಣಿಯ ಒಂದು ಪ್ರತಿ ಕೇಳಿ ಪಡೆದು, ಮಗುವಿನ ಲಸಿಕೆ ಕಾರ್ಡ್ ಜೊತೆಗೇ ಜೋಪಾನವಾಗಿ ಎತ್ತಿಡಿ.